ಆಲ್ಕೋಹಾಲ್ ಇಂಕ್ ಕೈಕೊಟ್ಟಾಗ: ಬಾಟಲಿಯನ್ನು ದೂರುವ ಮೊದಲು

ನನ್ನ ಹತ್ತಿರ ಕರಕುಶಲ ಕಲಿಯಲು ಬರುವವರಲ್ಲಿ ಹೆಚ್ಚಿನವರು ಎರಡನೆಯ ವಾರ ಒಂದೇ ದೂರು ತರುತ್ತಾರೆ: "ಮೇಡಂ, ಈ ಇಂಕೇ ಸರಿ ಇಲ್ಲ." ಅದೇ ಬಾಟಲಿಯಿಂದ ಎರಡು ಹನಿ ತೆಗೆದು ನನ್ನ ಬಿಳಿ ಟೈಲ್ಸ್ ಮೇಲೆ ಹಾಕಿದರೆ ಬಣ್ಣ ಹೂವಿನ ಹಾಗೆ ಅರಳುತ್ತದೆ. ದೋಷ ಇರುವುದು ಇಂಕಿನಲ್ಲಲ್ಲ. ಅದರ ಕೆಳಗಿರುವ ಮೇಲ್ಮೈಯಲ್ಲಿ, ಜೊತೆಗೆ ಸುರಿದ ಸ್ಪಿರಿಟ್ಟಿನಲ್ಲಿ, ಇಲ್ಲವೇ ಆ ದಿನದ ಗಾಳಿಯಲ್ಲಿ. ಹೊಸ ಸೆಟ್ಟಿಗೆ ದುಡ್ಡು ಹಾಕುವ ಮೊದಲು ಈ ಮೂರನ್ನೂ ನೋಡಿಬಿಡಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಈ ಇಂಕಿನ ಸ್ವಭಾವ ಒಂದಿಷ್ಟು ಗೊತ್ತಿರಲಿ. ಗಾಢವಾದ ಡೈ ಬಣ್ಣವನ್ನು ಆಲ್ಕೋಹಾಲಿನಲ್ಲಿ ಕರಗಿಸಿರುತ್ತಾರೆ. ಆಲ್ಕೋಹಾಲ್ ಹಾರಿಹೋಗುತ್ತದೆ, ಬಣ್ಣ ತೆಳು ಪೊರೆಯಾಗಿ ಮೇಲೆ ಉಳಿಯುತ್ತದೆ. ಒಣಗಿದ ಮೇಲೂ ಆಲ್ಕೋಹಾಲ್ ತಾಗಿದರೆ ಮತ್ತೆ ಕರಗುತ್ತದೆ. ಜಲವರ್ಣದಂತೆ ಕಾಗದದೊಳಗೆ ಇಳಿದು ಕೂರುವ ಬಣ್ಣ ಇದಲ್ಲ. ಕೆಳಗೆ ಹೇಳುವ ದೋಷಗಳಲ್ಲಿ ಬಹಳಷ್ಟು ಹುಟ್ಟುವುದು ಇಲ್ಲಿಂದಲೇ.

ಬಾಟಲಿ ತೆರೆಯುವ ಮೊದಲು

ಇಂಕನ್ನು ಹರಡಿಸಲು, ಮೇಲ್ಮೈ ಒರೆಸಲು ನಾವು ಬಳಸುವ ಸ್ಪಿರಿಟ್ ಎಂದರೆ ಐಸೊಪ್ರೊಪೈಲ್ ಆಲ್ಕೋಹಾಲ್. ಅದು ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಅಂದರೆ ನಮ್ಮ ಮನೆಗಳಲ್ಲಿ ವರ್ಷವಿಡೀ ಅದು ಬೆಂಕಿಗೆ ಸಿದ್ಧವಾಗಿಯೇ ಇರುತ್ತದೆ. ಆ ಆವಿ ಗಾಳಿಗಿಂತ ಭಾರ, ಮೇಜಿನಿಂದ ಇಳಿದು ನೆಲದ ಮೇಲೆ ಹರಿಯುತ್ತದೆ. ಹಾಗಾಗಿ ದೇವರ ದೀಪ, ಊದುಬತ್ತಿ, ಸೊಳ್ಳೆ ಬತ್ತಿ, ಗ್ಯಾಸ್ ಒಲೆ ಯಾವುದೂ ಆ ಕೋಣೆಯಲ್ಲಿ ಉರಿಯುತ್ತಿರಬಾರದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಟಲಿಗಳ ಮುಚ್ಚಳ ಬಿಗಿಯಾಗಿರಲಿ, ಒರೆಸಿದ ಟಿಶ್ಯೂಗಳು ಹೊರಗೆ ಒಣಗುತ್ತಿರಲಿ. ಕಿಟಕಿ ತೆರೆದಿರಬೇಕು. ಸಣ್ಣದಾಗಿ ಹೊತ್ತಿಕೊಂಡರೆ ಆ ಟ್ರೇಯನ್ನು ಎತ್ತಿಕೊಂಡು ಓಡಬೇಡಿ. ಸ್ಟೀಲ್ ತಟ್ಟೆಯನ್ನೋ ಒದ್ದೆ ಬಟ್ಟೆಯನ್ನೋ ಅದರ ಮೇಲೆ ಮುಚ್ಚಿ.

ಕೈಗೆ ನೈಟ್ರೈಲ್ ಗ್ಲೌಸ್ ಹಾಕಿ. ಬಟ್ಟೆಯ ಮಾಸ್ಕ್ ಆಗಲಿ ಎನ್95 ಆಗಲಿ ಧೂಳನ್ನು ತಡೆಯುತ್ತದೆಯೇ ಹೊರತು ಆವಿಯನ್ನಲ್ಲ. ಹಾಕಿಕೊಂಡಿದ್ದೇನೆಂಬ ಧೈರ್ಯದಲ್ಲಿ ಕಿಟಕಿ ಮುಚ್ಚಬೇಡಿ.

ಯಾವ ದೋಷವಿದ್ದರೂ ಮೊದಲು ಈ ಪರೀಕ್ಷೆ

ಟೈಲ್ಸ್ ಅಂಗಡಿಯಲ್ಲಿ ಮುರಿದು ಉಳಿದ ಬಿಳಿ, ಹೊಳಪಿನ ಟೈಲ್ಸ್ ಚೂರು ಕೇಳಿ ತನ್ನಿ. ಸೋಪಿನಲ್ಲಿ ತೊಳೆದು, ಒಣಗಿಸಿ, ಐಸೊಪ್ರೊಪೈಲಿನಲ್ಲಿ ಒಮ್ಮೆ ಒರೆಸಿ. ಅದರ ಮೇಲೆ ಬೇರೇನೂ ಬೆರೆಸದೆ ಇಂಕಿನ ಒಂದು ಹನಿ ಬಿಡಿ. ಸ್ವಲ್ಪ ದೂರದಲ್ಲಿ ಇನ್ನೊಂದು ಹನಿ ಬಿಟ್ಟು, ಅದರ ಮೇಲೆ ನೀವು ದಿನಾ ಬಳಸುವ ಸ್ಪಿರಿಟ್ಟಿನ ಒಂದು ಹನಿ ಹಾಕಿ.

ಎರಡೂ ಚೆನ್ನಾಗಿ ಹರಡಿ ಒಣಗಿದರೆ ಇಂಕೂ ಸರಿ, ಸ್ಪಿರಿಟ್ಟೂ ಸರಿ. ನಿಮ್ಮ ಕೆಲಸದ ಮೇಲ್ಮೈಯನ್ನು ನೋಡಿ. ಮೊದಲನೆಯದು ಚೆನ್ನಾಗಿದ್ದು ಎರಡನೆಯದು ಮಬ್ಬಾದರೆ ಸ್ಪಿರಿಟ್ಟಿನಲ್ಲಿ ತೊಂದರೆ. ಮೊದಲನೆಯದೇ ಜಿಗುಟಾಗಿ ಕೂತರೆ ಆಗ ಇಂಕನ್ನು ಅನುಮಾನಿಸಿ. ಹೊಸ ಬ್ರಾಂಡ್ ಆರಿಸುವಾಗಲೂ ಇದೇ ಪರೀಕ್ಷೆ ಸಾಕು, ಪೂರ್ತಿ ಸೆಟ್ ಬೇಡ. ಒಂದು ನೀಲಿ, ಒಂದು ಗುಲಾಬಿ ತಂದು ನೋಡಿ.

ಹನಿ ಬಿದ್ದಲ್ಲೇ ನಿಲ್ಲುತ್ತದೆ, ಹರಡುವುದೇ ಇಲ್ಲ

ಮೇಲ್ಮೈ ಕುಡಿಯುತ್ತಿದೆ ಎಂದರ್ಥ. ಡ್ರಾಯಿಂಗ್ ಶೀಟ್, ಕ್ಯಾನ್ವಾಸ್, ಮರ, ಮಣ್ಣಿನ ಹಣತೆ ಎಲ್ಲವೂ ಇಂಕನ್ನು ಒಳಗೆ ಎಳೆದುಕೊಳ್ಳುತ್ತವೆ. ಫೋಟೋ ಪೇಪರ್ ಹೊಳೆಯುತ್ತದೆ ಎಂದು ಮೋಸಹೋಗುವವರು ಬಹಳ. ಇಂಕ್‌ಜೆಟ್ ಪ್ರಿಂಟರಿಗೆಂದು ಮಾಡಿದ ಆ ಹಾಳೆಯ ಮೇಲಿನ ಲೇಪ ಇರುವುದೇ ಇಂಕನ್ನು ಹಿಡಿದು ನಿಲ್ಲಿಸಲು.

ಈ ಕಲೆಗೆ ಹೇಳಿ ಮಾಡಿಸಿದ್ದು ಯೂಪೊ. ಜಪಾನಿನ ಈ 'ಕಾಗದ'ದಲ್ಲಿ ಮರದ ನಾರಿಲ್ಲ, ಪೂರ್ತಿ ಪಾಲಿಪ್ರೊಪೈಲೀನ್. ಬೆಲೆ ಜಾಸ್ತಿ. ಅಭ್ಯಾಸಕ್ಕೆ ನಾನು ಹೇಳುವ ಅಗ್ಗದ ದಾರಿ ಎಂದರೆ, ಬಿಳಿ ಕಾರ್ಡ್ ಶೀಟನ್ನು ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿ ಅದರ ಮೇಲೆ ಹಾಕಿ ನೋಡಿ. ಕತ್ತರಿಸಿದ ಅಂಚಿನಿಂದ ಸ್ಪಿರಿಟ್ ಒಳಗೆ ಇಳಿಯದಂತೆ ಸುತ್ತ ಒಂದು ಬೆರಳಗಲ ಲ್ಯಾಮಿನೇಷನ್ ಬಿಟ್ಟಿರಬೇಕು.

ದೀಪಾವಳಿಗೆ ಹಣತೆಗೇ ಹಾಕಬೇಕೆಂದರೆ ಮೊದಲು ಬಿಳಿ ಅಕ್ರಿಲಿಕ್ ಬಣ್ಣ ಎರಡು ಸಲ, ಅದರ ಮೇಲೆ ಹೊಳಪಿನ ವಾರ್ನಿಷ್ ಹಚ್ಚಿ ಒಂದು ದಿನ ಒಣಗಿಸಿ. ಅಂಥ ಹಣತೆಯಲ್ಲಿ ಎಣ್ಣೆ ಬತ್ತಿ ಹಚ್ಚಬೇಡಿ, ವಾರ್ನಿಷ್ ಹೊತ್ತಿಕೊಳ್ಳಬಹುದು. ಬ್ಯಾಟರಿ ದೀಪ ಇಡಿ.

ಮರದ ವಿಷಯದಲ್ಲಿ ಒಂದು ಎಚ್ಚರಿಕೆ. ಚನ್ನಪಟ್ಟಣದ ಬೊಂಬೆ ನುಣುಪಾಗಿದೆ, ಹೊಳೆಯುತ್ತದೆ, ಇಂಕಿಗೆ ಸರಿಹೊಂದುತ್ತದೆ ಎಂದು ಅನ್ನಿಸುವುದು ಸಹಜ. ಆದರೆ ಆ ಹೊಳಪು ಅರಗಿನದು, ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಹನಿ ಬಿದ್ದೊಡನೆ ಕುಶಲಕರ್ಮಿ ಲೇತಿನ ಮೇಲೆ ಕೂರಿಸಿದ ಬಣ್ಣ ಇಂಕಿನೊಂದಿಗೆ ಕಲೆಸಿ ಅಂಟಾಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಅದಕ್ಕೆ ಹಾಕಲೇಬೇಡಿ.

ನಡುನಡುವೆ ಬೋಳು ಕಣ್ಣುಗಳು, ಬಣ್ಣ ಹಿಂದೆ ಸರಿಯುತ್ತದೆ

ಜಿಡ್ಡು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈ, ಹ್ಯಾಂಡ್ ಕ್ರೀಮ್, ಅಡುಗೆಮನೆ ಮೇಜು ಇವಿಷ್ಟೇ ಸಾಕು. ಬೋಳು ಕಣ್ಣು ಬೆರಳ ತುದಿಯ ಆಕಾರದಲ್ಲಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸಿ, ಅಂಚು ಹಿಡಿದು ಎತ್ತಿ. ಎರಡು ಸಲ ಒರೆಸಿದರೂ ಕಣ್ಣು ಅದೇ ಜಾಗದಲ್ಲಿ ಬಂದರೆ ಅದು ಸಿಲಿಕೋನ್. ಪಾಲಿಷ್ ಸ್ಪ್ರೇಗಳಲ್ಲಿ ಇರುತ್ತದೆ. ಡಿಶ್‌ವಾಶ್ ಹಾಕಿ ಉಜ್ಜಿ ತೊಳೆದು ಇನ್ನೊಮ್ಮೆ ನೋಡಿ. ಅದಕ್ಕೂ ಹೋಗದಿದ್ದರೆ ಆ ತುಂಡನ್ನು ಬಿಡುವುದೇ ಲೇಸು.

ಒಣಗಿದ ಮೇಲೆ ಮಂಕು, ಬೂದಿ ಹಿಡಿದಂಥ ಬಿಳಿ ಪೊರೆ

ನನ್ನ ಹತ್ತಿರ ಅತಿ ಹೆಚ್ಚು ಬರುವ ದೂರು ಇದು, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ತಪ್ಪಿತಸ್ಥ ನೀರು. ಅದು ಎರಡು ದಾರಿಯಲ್ಲಿ ಬರುತ್ತದೆ.

ಮೊದಲನೆಯದು ಸ್ಪಿರಿಟ್ ಬಾಟಲಿಯೊಳಗಿಂದ. ಲೇಬಲ್ ಓದಿ. 70% ಎಂದಿದ್ದರೆ ಉಳಿದದ್ದು ಹೆಚ್ಚೂಕಡಿಮೆ ನೀರೇ. ಚುಚ್ಚುಮದ್ದಿಗೆ ಮೊದಲು ಚರ್ಮ ಒರೆಸಲು ಅದು ಒಳ್ಳೆಯದು, ಈ ಕೆಲಸಕ್ಕಲ್ಲ. ಆಲ್ಕೋಹಾಲ್ ಮೊದಲು ಹಾರಿ, ನೀರು ಹಿಂದುಳಿದು, ಬಣ್ಣವನ್ನು ಪುಡಿಪುಡಿಯಾಗಿ ಬಿಡುತ್ತದೆ. ಅಮೆರಿಕದ ವೀಡಿಯೊಗಳಲ್ಲಿ 91% ಎನ್ನುತ್ತಾರೆ; ನಮ್ಮಲ್ಲಿ ಅದನ್ನು ಹುಡುಕಿ ಸುಸ್ತಾಗಬೇಡಿ, 99% ತನ್ನಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸರ್ಕ್ಯೂಟ್ ಬೋರ್ಡ್ ಒರೆಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲಿನ ಚಿಕ್ಕ ಹೆಸರು) ಎಂದು ಕೇಳಿದರೆ ಸಿಗುತ್ತದೆ. ಬೇರೆ ಊರಿನಲ್ಲಿ ಶಾಲಾ ಪ್ರಯೋಗಾಲಯಕ್ಕೆ ರಾಸಾಯನಿಕ ಒದಗಿಸುವ ಅಂಗಡಿ ಕೇಳಿ.

ಲೇಬಲ್ಲಿನ ಮೇಲೆ ನಂಬಿಕೆ ಇಲ್ಲವೇ? ಅಡುಗೆಮನೆಯ ಉಪ್ಪಿನಿಂದಲೇ ಪರೀಕ್ಷಿಸಬಹುದು. ಸಣ್ಣ ಗಾಜಿನ ಶೀಷೆಯಲ್ಲಿ ಅರ್ಧದಷ್ಟು ಐಸೊಪ್ರೊಪೈಲ್ ಹಾಕಿ, ಒಂದು ಚಮಚ ಪುಡಿ ಉಪ್ಪು ಸೇರಿಸಿ, ಮುಚ್ಚಿ ಕುಲುಕಿ, ಹತ್ತು ನಿಮಿಷ ಬಿಡಿ. ನೀರು ಬೇಕಾದಷ್ಟಿದ್ದರೆ ಉಪ್ಪು ಅದನ್ನು ತನ್ನ ಕಡೆ ಎಳೆದುಕೊಂಡು ಕೆಳಗೊಂದು, ಮೇಲೊಂದು ಎರಡು ಪದರ ಸ್ಪಷ್ಟವಾಗಿ ಕಾಣುತ್ತವೆ. 99% ಆಗಿದ್ದರೆ ಉಪ್ಪು ಕರಗದೆ ಮರಳಿನಂತೆ ತಳದಲ್ಲಿ ಬಿಡಿಬಿಡಿಯಾಗಿ ಓಡಾಡುತ್ತದೆ. ಇದು ಐಸೊಪ್ರೊಪೈಲಿಗೆ ಮಾತ್ರ, ಎಥನಾಲ್ ಇರುವ ಸ್ಪಿರಿಟ್ ಹೀಗೆ ಒಡೆಯುವುದಿಲ್ಲ. ಪರೀಕ್ಷೆಗೆ ತೆಗೆದದ್ದನ್ನು ಮತ್ತೆ ಬಾಟಲಿಗೆ ಸುರಿಯಬೇಡಿ.

ಎರಡನೆಯ ದಾರಿ ಗಾಳಿ. ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರುವುದನ್ನು ನೋಡಿದ್ದೀರಲ್ಲ, ಇಲ್ಲಿ ನಡೆಯುವುದೂ ಅದೇ. ಆಲ್ಕೋಹಾಲ್ ಹಾರುವಾಗ ಹಾಳೆಯ ಶಾಖವನ್ನೂ ಒಯ್ಯುತ್ತದೆ, ಹಾಳೆ ತಣ್ಣಗಾಗುತ್ತದೆ, ಗಾಳಿಯ ತೇವ ಒಣಗದ ಬಣ್ಣದ ಮೇಲೆ ಇಳಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲದಲ್ಲಿ 99% ಬಳಸಿದರೂ ಪೊರೆ ಬರುವುದು ಇದಕ್ಕೇ. ಮುಚ್ಚಳ ತೆರೆದಿಟ್ಟ 99% ಬಾಟಲಿ ಕೂಡ ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ, ಆದ್ದರಿಂದ ದೊಡ್ಡ ಕ್ಯಾನಿನಿಂದ ಸಣ್ಣ ಬಾಟಲಿಗೆ ಬೇಕಾದಷ್ಟೇ ತೆಗೆದುಕೊಳ್ಳಿ. ಜಡಿಮಳೆ ಹಿಡಿದ ದಿನ ಕೆಲಸವನ್ನು ಮುಂದೂಡಿ. ಆಗುವುದಿಲ್ಲವೆಂದರೆ ಮಧ್ಯಾಹ್ನ, ಸಣ್ಣ ತುಂಡು, ಕಡಿಮೆ ಸ್ಪಿರಿಟ್. ಕೊಳವೆಯಿಂದ ಬಾಯಲ್ಲಿ ಊದುವ ಅಭ್ಯಾಸವನ್ನೂ ಬಿಡಿ. ಉಸಿರಿನ ತೇವ ಬಣ್ಣದ ಮೇಲೆ ಬೀಳುತ್ತದೆ, ಉಸಿರೆಳೆಯುವಾಗ ಆವಿ ನಿಮ್ಮೊಳಗೆ ಹೋಗುತ್ತದೆ. ರಬ್ಬರಿನ ಗಾಳಿ ಬುರುಡೆ, ಕ್ಯಾಮೆರಾ ಒರೆಸಲು ಮಾರುತ್ತಾರಲ್ಲ ಅದು, ಸಾಕು.

ಬಂದ ಪೊರೆಯನ್ನು ತೆಗೆಯಬಹುದೇ? ಎಷ್ಟೋ ಸಲ ಆಗುತ್ತದೆ. ಒಣ ಹವೆಯ ದಿನ ಒಳ್ಳೆಯ ಐಸೊಪ್ರೊಪೈಲನ್ನು ಸ್ಪ್ರೇ ಬಾಟಲಿಯಿಂದ ಮಂಜಿನಂತೆ ಒಮ್ಮೆ ಹಾಯಿಸಿ. ಬಣ್ಣ ಮತ್ತೆ ಕರಗಿ ಹೊಳಪು ಮರಳುತ್ತದೆ, ಚಿತ್ತಾರ ಕೊಂಚ ಬದಲಾಗುತ್ತದೆ.

ಎರಡು ದಿನವಾದರೂ ಅಂಟಂಟು

ಇದು ಬೇರೆ ಕಥೆ. ನೀರು ತಡವಾಗಿಯಾದರೂ ಒಣಗುತ್ತದೆ, ಗ್ಲಿಸರಿನ್ ಒಣಗುವುದಿಲ್ಲ. ಹ್ಯಾಂಡ್ ಸ್ಯಾನಿಟೈಸರ್ ಬಳಸಿದಿರಾ? ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲೇ 75% ಐಸೊಪ್ರೊಪೈಲ್ ಜೊತೆ 1.45% ಗ್ಲಿಸರಿನ್ ಇದೆ, ಕೈ ಒಡೆಯದಿರಲೆಂದು. ಕೈಗೆ ಹಿತವಾದದ್ದು ಚಿತ್ರಕ್ಕೆ ಅಂಟು. ಜೆಲ್ ಆದರಂತೂ ಮುಗಿಯಿತು. ಸರ್ಜಿಕಲ್ ಸ್ಪಿರಿಟ್‌ನ ಕೆಲವು ತಯಾರಿಗಳಲ್ಲಿ ಹರಳೆಣ್ಣೆ ಇರುತ್ತದೆ, ಅದೂ ಬೇಡ. ಅನುಮಾನವಿದ್ದರೆ ಗಾಜಿನ ಮೇಲೆ ಆ ಸ್ಪಿರಿಟ್ಟಿನ ನಾಲ್ಕು ಹನಿ ಒಣಗಲು ಬಿಡಿ. ಬೆರಳಾಡಿಸಿದಾಗ ಜಾರಿದರೆ ಅಥವಾ ಕಲೆ ಉಳಿದರೆ ಆ ಬಾಟಲಿ ನೆಲ ಒರೆಸಲಿಕ್ಕೆ.

ಹಾರ್ಡ್‌ವೇರ್ ಅಂಗಡಿಯ ಪಾಲಿಷ್ ಸ್ಪಿರಿಟ್ಟಿನಲ್ಲಿ ಮೆಥನಾಲ್ ಇರಬಹುದು. ಅದರ ಆವಿ ವಿಷ. ಅಗ್ಗವೆಂದು ಅದರ ಕಡೆ ಹೋಗಬೇಡಿ.

ಬೇರೇನೂ ಬೆರೆಸದೆಯೂ ಅಂಟಾದರೆ ಇಂಕನ್ನೇ ದಪ್ಪಗೆ ಹಾಕಿದ್ದೀರಿ, ಇಲ್ಲವೇ ಹಳೆಯ ಬಾಟಲಿ ಗಟ್ಟಿಯಾಗಿದೆ. ಐದಾರು ಹನಿ ಐಸೊಪ್ರೊಪೈಲ್ ಬೆರೆಸಿ ಟೈಲ್ಸ್ ಮೇಲೆ ನೋಡಿ.

ಬಣ್ಣಗಳೆಲ್ಲ ಸೇರಿ ಕೆಸರು

ಕೆಂಪಿನ ಪಕ್ಕ ಹಸಿರು, ನೇರಳೆಯ ಪಕ್ಕ ಹಳದಿ ಒದ್ದೆಯಿರುವಾಗಲೇ ಸೇರಿದರೆ ಕಂದು ಬರುತ್ತದೆ, ಯಾವ ಬ್ರಾಂಡಾದರೂ. ಒಂದು ಹಾಳೆಗೆ ಬಣ್ಣಚಕ್ರದಲ್ಲಿ ಅಕ್ಕಪಕ್ಕ ಇರುವ ಎರಡು ಮೂರು ಬಣ್ಣ, ನಡುವೆ ಒಣಗಲು ಬಿಡುವು. ಅಷ್ಟೇ.

ಮೆತ್ತಗೆ ಬೆರೆಯುವ ಬದಲು ಗಟ್ಟಿ ಅಂಚಿನ ಗೆರೆಗಳು

ಹನಿ ಹರಡುವ ಮೊದಲೇ ಒಣಗುತ್ತಿದೆ. ಏಪ್ರಿಲ್ ತಿಂಗಳ ಕಲಬುರಗಿ, ರಾಯಚೂರಿನಲ್ಲಿ ಸೀಲಿಂಗ್ ಫ್ಯಾನ್ ಕೆಳಗೆ ಕೂತರೆ ಇನ್ನೇನಾದೀತು! ಮೊದಲು ಫ್ಯಾನ್ ಆರಿಸಿ, ಕಿಟಕಿ ಮಾತ್ರ ತೆರೆದಿರಲಿ. ಹಾಳೆಯ ಮೇಲೆ ಮೊದಲೇ ಐಸೊಪ್ರೊಪೈಲ್ ಸುರಿದು ಒದ್ದೆ ಮಾಡಿ, ಆಮೇಲೆ ಬಣ್ಣ ಬಿಡಿ. ಆಗಲೂ ಗೆರೆ ಬಂದರೆ ಇಂಕ್ ಕಂಪನಿಗಳು ಮಾರುವ ಬ್ಲೆಂಡಿಂಗ್ ಸೊಲ್ಯೂಷನ್ ಉಪಯೋಗಕ್ಕೆ ಬರುತ್ತದೆ, ಅದು ಒಣಗುವುದನ್ನು ನಿಧಾನ ಮಾಡುತ್ತದೆ. ಹೇರ್ ಡ್ರೈಯರ್ ಬಳಸುವವರು ತಣ್ಣನೆಯ ಗಾಳಿಗೇ ಇಟ್ಟುಕೊಳ್ಳಿ. ಕೆಂಪಗೆ ಕಾದ ತಂತಿ ಮತ್ತು ಆಲ್ಕೋಹಾಲ್ ಆವಿ ಒಂದೆಡೆ ಇರಬಾರದು. ತೆಳು ಯೂಪೊ ಕೂಡ ಬಿಸಿಗೆ ಅಲೆಯಲೆಯಾಗಿ ಡೊಂಕಾಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ.

ಚಿನ್ನ, ಬೆಳ್ಳಿ ಬಣ್ಣ ಬರೀ ನೀರುನೀರು, ಅಥವಾ ಒಣಗಿದ ಮೇಲೆ ಪುಡಿ

ಇವು ಡೈ ಅಲ್ಲ, ಲೋಹದಂತೆ ಹೊಳೆಯುವ ಸಣ್ಣ ಕಣಗಳು. ತಳ ಸೇರಿರುತ್ತವೆ. ಒಳಗಿನ ಗುಂಡು ಟಕಟಕ ಎನ್ನುವವರೆಗೆ ಕುಲುಕಿ, ಕೂಡಲೇ ಹಾಕಿ. ಬಾಯಿ ಕಟ್ಟಿದ್ದರೆ ಗುಂಡುಸೂಜಿಯಿಂದ ಚುಚ್ಚಿ, ಬಾಟಲಿ ಹಿಂಡಬೇಡಿ, ಕಣ್ಣಿಗೆ ಚಿಮ್ಮೀತು. ಬೆರಳಿಗೆ ಪುಡಿ ಬರುವುದು ಜಾಸ್ತಿ ಹಾಕಿದಾಗ. ಒಂದು ಹಾಳೆಗೆ ಎರಡು ಮೂರು ಹನಿ ಸಾಕು.

ಅಕ್ರಿಲಿಕ್ ಶೀಟಿನ ಅಂಚಿನಲ್ಲಿ ಕೂದಲೆಳೆಯ ಬಿರುಕು

ಈಗ ಎಲ್ಲರೂ ಲೇಸರ್‌ನಲ್ಲಿ ಕತ್ತರಿಸಿದ ಅಕ್ರಿಲಿಕ್ ತಂದು ನಾಮಫಲಕ, ಗಡಿಯಾರ ಮಾಡುತ್ತಿದ್ದಾರೆ, ಅದಕ್ಕೇ ಈ ದೂರು ಹೆಚ್ಚಾಗಿದೆ. ಲೇಸರಿನ ಬಿಸಿಗೆ ಕತ್ತರಿಸಿದ ಅಂಚು ಒಳಗೊಳಗೇ ಬಿಗಿದುಕೊಂಡಿರುತ್ತದೆ. ಆಲ್ಕೋಹಾಲ್ ತಾಗಿದ ಕೂಡಲೇ ಆ ಬಿಗಿತ ಬಿರುಕಾಗಿ ಹೊರಬರುತ್ತದೆ. ಒಮ್ಮೆ ಬಂದ ಬಿರುಕಿಗೆ ಮದ್ದಿಲ್ಲ.

ತಡೆಯಲು ಸುಲಭದ ದಾರಿ ಅಂಚಿನ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ ಸ್ಪಿರಿಟ್ ಅಲ್ಲಿಗೆ ಹೋಗದಂತೆ ನೋಡಿಕೊಳ್ಳುವುದು. ಬೇರೆ ಚೂರಿನ ಅಂಚಿಗೆ ಒಂದು ಹನಿ ಹಾಕಿ ಮೊದಲೇ ಪರೀಕ್ಷಿಸಿ. ದೊಡ್ಡ ಆರ್ಡರ್ ಆದರೆ ಲೇಸರ್ ಅಂಗಡಿಯವರ ಹತ್ತಿರ ಕಾಸ್ಟ್ ಅಕ್ರಿಲಿಕ್ (ಅಚ್ಚಿಗೆ ಸುರಿದು ಮಾಡಿದ ಶೀಟ್) ಕೇಳಿ, ಕತ್ತರಿಸಿದ ಮೇಲೆ ಸುಮಾರು 80 ಡಿಗ್ರಿಯಲ್ಲಿ ಕಾಯಿಸಿ ನಿಧಾನವಾಗಿ ಆರಿಸಿಕೊಡುತ್ತಾರೆಯೇ ವಿಚಾರಿಸಿ. ಮನೆಯ ಓವನ್‌ನಲ್ಲಿ ಇದನ್ನು ಮಾಡಲು ಹೋಗಬೇಡಿ.

ವಾರ್ನಿಷ್ ಹಚ್ಚಿದೊಡನೆ ಚಿತ್ರ ಹರಿದುಹೋಯಿತು

ಮೂರು ದಿನದ ಕೆಲಸ ಕಣ್ಣೆದುರೇ ಕರಗುವುದನ್ನು ನೋಡುವುದು ಸಂಕಟ. ವಾರ್ನಿಷ್‌ನಲ್ಲಿರುವ ದ್ರಾವಕ ಇಂಕನ್ನು ಮತ್ತೆ ಎಬ್ಬಿಸಿತು, ಬ್ರಷ್ ಅದನ್ನು ಎಳೆದಾಡಿತು. ಇಂಕ್ ಹಾಕಿದ ಮೇಲೆ ಒಂದು ಪೂರ್ತಿ ದಿನ ಬಿಡಿ. ಆಮೇಲೆ ಬ್ರಷ್ ಮುಟ್ಟದೆ ಸ್ಪ್ರೇಯಿಂದ ಶುರುಮಾಡಿ. ಈ ಕಲೆಯವರು ಹೆಚ್ಚು ನಂಬುವುದು ಕಾಮರ್ ಎಂಬ ಸ್ಪ್ರೇ ವಾರ್ನಿಷ್. ಅದು ಸಿಗದಿದ್ದರೆ ಯಾವುದೇ ಸ್ಪ್ರೇಯನ್ನು ಮೊದಲು ಬೇಡದ ತುಂಡಿನ ಮೇಲೆ ನೋಡಿ. ಒಂದು ಅಡಿ ದೂರದಿಂದ, ಮೇಲ್ಮೈ ಒದ್ದೆಯಾಗಿ ಕಾಣದಷ್ಟು ತೆಳುವಾಗಿ ಒಂದು ಪದರ. ಅದು ಪೂರ್ತಿ ಒಣಗಿದ ಮೇಲೆ ಇನ್ನೊಂದು, ಹೀಗೆ ಮೂರು. ಕೊನೆಗೆ ಬಿಸಿಲಿನ ಯುವಿ ಕಿರಣ ತಡೆಯುವ ಸ್ಪ್ರೇ ಎರಡು ಪದರ. ಇದನ್ನು ತಾರಸಿಯಲ್ಲಿ ಮಾಡಿ, ಕೋಣೆಯಲ್ಲಲ್ಲ. ಮಳೆ ಬರುವ ದಿನ ವಾರ್ನಿಷ್ ಕೂಡ ಬಿಳಿಚಿಕೊಳ್ಳುತ್ತದೆ.

ಲೋಟ, ತಟ್ಟೆಗೆ ಎಷ್ಟು ಪದರ ಹಚ್ಚಿದರೂ ಅವು ಊಟಕ್ಕೆ ಯೋಗ್ಯವಾಗುವುದಿಲ್ಲ. ಬಾಯಿ ತಾಗುವ ಅಂಚು, ಅನ್ನ ಬಡಿಸುವ ಒಳಭಾಗ ಖಾಲಿ ಇರಲಿ.

ರೆಸಿನ್ ಗಟ್ಟಿಯಾಗದೆ ಮೆತ್ತಗೇ ಉಳಿದಿದೆ

ಹಾರ್ಡನರ್ ಸೇರಿಸಿದರೆ ಗಟ್ಟಿಯಾಗುವ ರೆಸಿನ್‌ಗೆ ಬಣ್ಣ ಕೊಡಲು ಈ ಇಂಕ್ ಬೆರೆಸುವವರಿಗೆ ಇದು. ಮೊದಲು ಅಳತೆ. ರೆಸಿನ್, ಹಾರ್ಡನರ್ ಎರಡನ್ನೂ ಲೇಬಲ್ಲಿನಲ್ಲಿ ತೂಕಕ್ಕೆ (ಗ್ರಾಂ) ಹೇಳಿದ್ದಾರೋ ಮಿಲಿಲೀಟರ್ ಲೆಕ್ಕಕ್ಕೋ ನೋಡಿ, ಎರಡೂ ಒಂದಲ್ಲ. ಆಮೇಲೆ ಇಂಕಿನ ಪ್ರಮಾಣ. ಆಲ್ಕೋಹಾಲ್ ಹೆಚ್ಚಾದರೆ ರೆಸಿನ್ ಕಟ್ಟಿಕೊಳ್ಳುವುದಿಲ್ಲ. ಲೇಬಲ್ ಬೇರೆ ಹೇಳದಿದ್ದರೆ 100 ಗ್ರಾಂ ರೆಸಿನ್‌ಗೆ 5 ಗ್ರಾಂ ಇಂಕ್ ದಾಟಬೇಡಿ. ಅಲ್ಲಲ್ಲಿ ಮಾತ್ರ ಮೆತ್ತಗಿದ್ದರೆ ಕಲೆಸಿದ್ದು ಸಾಲದು, ಕಪ್ಪಿನ ಬದಿ ಕೆರೆದಿಲ್ಲ. ಗುಳ್ಳೆ ಒಡೆಯಲೆಂದು ಗ್ಯಾಸ್ ಟಾರ್ಚ್ ಹಿಡಿಯುವವರೇ, ಇಂಕ್ ಹಸಿಯಿರುವಾಗ ಅದನ್ನು ಹತ್ತಿರವೂ ತರಬೇಡಿ.

ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಅಲರ್ಜಿ ತರುತ್ತದೆ. ಗ್ಲೌಸ್ ಹಾಕಿ ಕೆರೆದು ತೆಗೆಯಿರಿ. ಬೆರಳ ಸಂದಿಯಲ್ಲಿ ತುರಿಕೆ, ದದ್ದು ಶುರುವಾದರೆ ರೆಸಿನ್ ನಿಲ್ಲಿಸಿ ಚರ್ಮದ ವೈದ್ಯರಿಗೆ ತೋರಿಸಿ. ಮುಂದುವರಿಸಿದಷ್ಟೂ ಅದು ಹೆಚ್ಚುತ್ತದೆ.

ಕೆಲಸ ಮಾಡುವಾಗ ತಲೆನೋವು, ತಲೆಸುತ್ತು, ಗಂಟಲು ಉರಿ

ಇಲ್ಲಿ ಪರೀಕ್ಷೆ ಮಾಡುತ್ತ ಕೂರಬೇಡಿ. ಎದ್ದು ಹೊರಗೆ ಹೋಗಿ. ಅರ್ಧ ಗಂಟೆಯಲ್ಲಿ ಸರಿಹೋಗದಿದ್ದರೆ ವೈದ್ಯರ ಹತ್ತಿರ ಹೋಗಿ. ಅಸ್ತಮಾ ಇರುವವರು, ಗರ್ಭಿಣಿಯರು ಈ ಕೆಲಸಕ್ಕೆ ಕೈಹಾಕುವ ಮೊದಲೇ ವೈದ್ಯರನ್ನು ಕೇಳಿ. ಕಣ್ಣಿಗೆ ಬಿದ್ದರೆ 15 ನಿಮಿಷ ನಲ್ಲಿ ನೀರಿನಲ್ಲಿ ತೊಳೆದು ಕಣ್ಣಾಸ್ಪತ್ರೆಗೆ ಹೋಗಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, 108ಕ್ಕೆ ಕರೆಮಾಡಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಸ್ಪಿರಿಟ್ಟನ್ನು ನೀರಿನ ಬಾಟಲಿಗೆ ತುಂಬಿಡುವ ಮನೆಗಳನ್ನು ನೋಡಿದ್ದೇನೆ, ದಯವಿಟ್ಟು ಅದೊಂದನ್ನು ಮಾಡಬೇಡಿ.

ಆರು ತಿಂಗಳಲ್ಲಿ ಗೋಡೆಯ ಚಿತ್ರ ಮಾಸಿದೆ

ಡೈ ಬಣ್ಣಕ್ಕೆ ಬಿಸಿಲು ಆಗದು. ಗುಲಾಬಿ, ನೇರಳೆ ಬೇಗ ಹೋಗುತ್ತವೆ. ಯುವಿ ವಾರ್ನಿಷ್ ಇದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ನಿಮ್ಮ ಇಂಕ್ ಎಷ್ಟು ತಾಳುತ್ತದೆ ಎಂದು ತಿಳಿಯಲು ಪ್ರತಿ ಬಣ್ಣದ ಒಂದು ಪಟ್ಟಿ ಎಳೆದು, ಅರ್ಧಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಬಿಸಿಲು ಬೀಳುವ ಕಿಟಕಿಗೆ ಒಂದು ತಿಂಗಳು ಅಂಟಿಸಿ. ಫಾಯಿಲ್ ಬಿಚ್ಚಿದಾಗ ಎರಡೂ ಕಡೆ ಒಂದೇ ಥರ ಇರುವ ಬಣ್ಣಗಳನ್ನು ಮಾರುವ ಕೆಲಸಕ್ಕೆ ಇಟ್ಟುಕೊಳ್ಳಿ, ಬಿಳಿಚಿದವನ್ನು ಶುಭಾಶಯ ಪತ್ರ, ಬುಕ್‌ಮಾರ್ಕ್‌ಗಳಿಗೆ ಬಳಸಿ.

ಮಾಸಿದ್ದನ್ನು ಮರಳಿ ತರಲಾಗದು. ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ಚಿತ್ರ ಒಣಗಿದ ದಿನವೇ, ವಾರ್ನಿಷ್ ಹಚ್ಚುವ ಮೊದಲು, ನೆರಳಿನ ಹಗಲು ಬೆಳಕಿನಲ್ಲಿ ಫೋಟೋ ತೆಗೆದಿಡಲು ಹೇಳುತ್ತೇನೆ. ಗೋಡೆಗೆ ಬಿಸಿಲು ಬೀಳುವ ಮನೆಯಾದರೆ ಆ ಫೋಟೋದ ಪ್ರಿಂಟನ್ನೇ ಕಟ್ಟುಹಾಕಿಸಿ ತೂಗುಹಾಕಿ, ಮೂಲ ಚಿತ್ರವನ್ನು ಕಡತದೊಳಗೆ ಕತ್ತಲಲ್ಲಿಡಿ.